ತಲೆಕೆಳಗಾದ ಪಾದರಸದೊಡನೆ ಪುಣೆಗೆ

ನಮ್ಮೂರಿನಿಂದ ಪರದೇಶಕ್ಕೆ ಹೋಗಿಬಂದವರಲ್ಲಿ ನಾನು ಎರಡನೆಯವನು. ಮೊದಲನೆಯವರು ಅಮಲ್ದಾರರ ಮಗ. ಅವರು ವಿಲಾಯತಿಗೆ ಹೋಗಿ, ಅಲ್ಲಿ ಮಂಜು ಸುರಿಯುತ್ತದೆ, ಜನ ಬೂಟು ಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ ಎಂಬ ಎರಡು ಸಂಗತಿ ತಿಳಿದು ಬಂದು, ಅವನ್ನೇ ಹಿಗ್ಗಿಸಿ ಪುಸ್ತಕ ಬರೆದರು. ನಾನು ಹೋದದ್ದು ಪುಣೆಗೆ. ಪುಣೆ ಪರದೇಶ ಹೇಗಾಯಿತು ಎಂದು ಮೂಗು ಮುರಿಯುವವರಿಗೆ ನನ್ನದು ಒಂದೇ ಮಾತು. ಹರಿಹರದ ಸೇತುವೆ ದಾಟಿದ ಕೂಡಲೇ ನಮ್ಮ ಮಹಾರಾಜರ ಸೀಮೆ ಮುಗಿಯುತ್ತದೆ. ಅಲ್ಲಿಂದಾಚೆ ದೊರೆ ಬೇರೆ, ಪೊಲೀಸರ ಪೇಟ ಬೇರೆ, ಸಾರಿನ ರುಚಿ ಬೇರೆ. ಕಾಫಿ ಕೇಳಿದರೆ ಚಹಾ ತಂದಿಡುತ್ತಾರೆ. ಇದಕ್ಕಿಂತ ಪರದೇಶ ಬೇಕೆ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪಾಠದ ಜೊತೆಗೆ ಹವಾಮಾನದ ಉಸ್ತುವಾರಿಯೂ ನನ್ನ ತಲೆಗೆ ಬಿದ್ದಿತ್ತು. ಗುಡ್ಡದ ಮೇಲಿರುವ ನಮ್ಮ ಶಾಲೆಯ ಒಂದು ಕೋಣೆಯಲ್ಲಿ ಬಾರೋಮೀಟರು ನೇತಾಡುತ್ತದೆ. ಗಾಳಿಯ ಭಾರವನ್ನು ಪಾದರಸದ ಎತ್ತರದಿಂದ ತೋರಿಸುವ ಯಂತ್ರ. ಪ್ರತಿದಿನ ಬೆಳಿಗ್ಗೆ ಅದನ್ನು ನೋಡಿ, ಅಂಕಿಯನ್ನು ಪುಣೆಯ ಹವಾಮಾನ ಕಚೇರಿಗೆ ತಂತಿ ಕಳುಹಿಸುವುದು ನನ್ನ ಕೆಲಸ. ಅದನ್ನು ನಾನು ಹೆಂಡತಿಯ ಒಡವೆಗಿಂತ ಜೋಪಾನವಾಗಿ ನೋಡಿಕೊಂಡಿದ್ದೆ. ಆಯುಧಪೂಜೆಯ ದಿನ ಜವಾನ ಅದಕ್ಕೂ ಕುಂಕುಮ ಇಡುತ್ತಿದ್ದ. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಉಜ್ಜಲು ಹೊರಟಾಗ ಮಾತ್ರ ನಾನು ಅಡ್ಡ ನಿಂತು ಅಳತೆಯ ಗೀರುಗಳನ್ನು ಉಳಿಸಿಕೊಂಡೆ.

ಹೀಗಿರಲು ಪುಣೆಯಿಂದ ಒಂದು ಕಾಗದ ಬಂತು. ನಿಮ್ಮೂರಿನ ಅಂಕಿ ಸುತ್ತಲಿನ ಊರುಗಳಿಗಿಂತ ಯಾವಾಗಲೂ ಕಡಿಮೆ ಇರುತ್ತದೆ, ಗಾಳಿಯ ಭಾರ ಕಡಿಮೆಯಾದಲ್ಲಿ ಬಿರುಗಾಳಿ ಎಂಬುದು ಲೆಕ್ಕ, ಆದ್ದರಿಂದ ನಮ್ಮ ನಕ್ಷೆಯಲ್ಲಿ ನಿಮ್ಮೂರಿನ ಮೇಲೆ ದಿನವೂ ಬಿರುಗಾಳಿ ಎದ್ದಂತೆ ಕಾಣುತ್ತದೆ ಎಂದು ಬರೆದಿದ್ದರು. ನಾನು ಕಿಟಕಿಯಿಂದ ಇಣುಕಿ ನೋಡಿದೆ. ಪೇಟೆಬೀದಿಯಲ್ಲಿ ನಾಯಿಗಳು ಮಲಗಿದ್ದವು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೊನೆಯ ಸಾಲು ಹೀಗಿತ್ತು: ಒಂದೋ ಯಂತ್ರ ಸುಳ್ಳು, ಇಲ್ಲವೇ ನೋಡುವವರು ಸುಳ್ಳು. ಯಂತ್ರವನ್ನು ತಂದು ಪರೀಕ್ಷೆಗೆ ಒಪ್ಪಿಸಿ.

ಅಲ್ಲಿಗೆ ನನ್ನ ಪಾಡು ಏನಾಯಿತೆಂದು ನೋಡಿ. ಯಂತ್ರ ಕೆಟ್ಟಿದ್ದರೆ ನಾನು ಸತ್ಯವಂತ. ಯಂತ್ರ ಸರಿಯಿದ್ದರೆ, ಹಾಸಿಗೆಯಲ್ಲೇ ಮಲಗಿ ಬಾಯಿಗೆ ಬಂದ ಅಂಕಿ ಬರೆಯುವ ಸೋಮಾರಿ ಎಂದು ಸರ್ಕಾರಿ ಕಾಗದದಲ್ಲೇ ನನ್ನ ಹಣೆಬರಹ. ಹೆಡ್‌ಮಾಸ್ಟರರು ಆ ಕೋಣೆಯ ಬೀಗದಕೈಯನ್ನು ತಮ್ಮ ಅಳಿಯನಿಗೆ ಕೊಡಲು ತುದಿಗಾಲಲ್ಲಿ ನಿಂತಿದ್ದರು. ಊರಿಗೆ ಊರೇ ಮೇಷ್ಟ್ರು ಸುಳ್ಳು ಬರೆಯುತ್ತಿದ್ದರಂತೆ ಎಂದು ಆಡಿಕೊಳ್ಳುತ್ತಿತ್ತು. ಆದ್ದರಿಂದ ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದ ಬಾರೋಮೀಟರು ಕೆಟ್ಟಿರಲಪ್ಪಾ ಎಂದು ಆಂಜನೇಯನಿಗೆ ಹರಕೆ ಹೊತ್ತು ನಾನು ರೈಲು ಹತ್ತಿದೆ.

ಹುಬ್ಬಳ್ಳಿ

ಬಾರೋಮೀಟರನ್ನು ಒಯ್ಯುವುದಕ್ಕೆ ಒಂದು ಕ್ರಮವಿದೆ. ಉದ್ದದ ಮರದ ಪೆಟ್ಟಿಗೆಯಲ್ಲಿ ಅದನ್ನು ತಲೆಕೆಳಗಾಗಿ ಇಟ್ಟು, ಹಾಗೆಯೇ ಕೈಯಲ್ಲಿ ಹಿಡಿದು ಹೋಗಬೇಕು. ನೆಟ್ಟಗೆ ಮಾಡಿದರೆ ಪಾದರಸ ಕುಲುಕಿ ಕೊಳವೆಯೊಳಗೆ ಗಾಳಿ ಸೇರುವ ಅಪಾಯವಿದೆ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದೂ ಹೀಗಾಗಿ ತಲೆಕೆಳಗೇ ಇರುತ್ತದೆ.

ಸೇತುವೆ ದಾಟುವವರೆಗೆ ನನ್ನನ್ನು ಯಾರೂ ಮಾತಾಡಿಸಲಿಲ್ಲ. ನಮ್ಮ ಸೀಮೆಯವರು ಎದುರಿಗೆ ಕೂತವನ ಪೆಟ್ಟಿಗೆಯನ್ನು ಕಣ್ಣಿನಲ್ಲೇ ಬಿಚ್ಚಿ ನೋಡಿ ಸುಮ್ಮನಾಗುತ್ತಾರೆ. ಹುಬ್ಬಳ್ಳಿಯಲ್ಲಿ ಹತ್ತಿದ ಅರಿವೆ ವ್ಯಾಪಾರಿಯೊಬ್ಬರಿಗೆ ಅಂಥ ಸಂಕೋಚವಿರಲಿಲ್ಲ. ಕೂರುವುದಕ್ಕೆ ಮೊದಲೇ ಕೇಳಿದರು.

"ಏನದ್ರಿ ಅದರಾಗ? ತಂಬೂರಿ ಏನ್ರಿ?"

"ಅಲ್ಲ, ಗಾಳಿಯ ಭಾರ ನೋಡುವ ಯಂತ್ರ," ಎಂದೆ.

"ಗಾಳೀನೂ ತೂಗತೀರೇನ್ರಿ ನಿಮ್ಮ ಮೈಸೂರಾಗ?" ಅವರು ಇಡೀ ಡಬ್ಬಿಗೆ ಕೇಳುವಂತೆ ನಕ್ಕರು. "ನಾವು ಅರಿವಿ ಅಳದು ಅಳದು ಬಡವರಾದ್ವಿ. ಗಾಳಿ ತೂಗಿದ್ರ ನಡೀತಿತ್ತು, ಮಾಲಿಗೆ ಖರ್ಚಿಲ್ಲ. ಗಿರಾಕಿ ಯಾರ್ರಿ?"

"ಪುಣೆಯ ಸರ್ಕಾರಿ ಕಚೇರಿ."

"ಹಂಗಂದ್ರ ಸರಿ ಬಿಡ್ರಿ. ಗಾಳಿ ಕೊಳ್ಳಾವ್ರು ಅವರ ಇರಬೇಕು."

ಆದರೆ ಒಳ್ಳೆಯ ಮನುಷ್ಯ. ತಮ್ಮ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ನನಗೂ ಕೊಟ್ಟರು. ಬೆಳಗಾವಿಯಲ್ಲಿ ನಾನು ಕೈ ತೊಳೆಯಲು ಇಳಿದಾಗ ಪೆಟ್ಟಿಗೆಯನ್ನು ಅವರ ವಶಕ್ಕೆ ಬಿಟ್ಟೆ. ಮರಳಿ ಬಂದು ನೋಡಿದೆ. ಪೆಟ್ಟಿಗೆ ನೆಟ್ಟಗೆ ನಿಂತಿತ್ತು.

"ಉಲ್ಟಾ ಇಟ್ಟಿದ್ರಿ ಮಾಸ್ತರ. ಅಕ್ಷರ ಕೆಳಮುಖ ಆಗಿದ್ವು. ನಾನ ಸರಿ ಮಾಡೀನಿ," ಎಂದು ಅವರು ಉಪಕಾರ ಮಾಡಿದ ಮುಖದಲ್ಲಿ ಹೇಳಿದರು.

ಮೊದಲು ಸಿಟ್ಟು ಬಂತು. ಮರುಕ್ಷಣವೇ, ಒಳಗೆ ಗಾಳಿ ಸೇರಿ ಯಂತ್ರ ಕೆಟ್ಟಿದ್ದರೆ ನಾನು ಬಚಾವಾದೆನಲ್ಲ ಎನ್ನಿಸಿತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು. "ಭಾಳ ಉಪಕಾರವಾಯಿತು," ಎಂದು ಅವರ ಮಾತಿನಲ್ಲೇ ಹೇಳಿ, ಪೆಟ್ಟಿಗೆಯನ್ನು ಮತ್ತೆ ತಲೆಕೆಳಗೆ ಮಾಡಿದೆ. ಅವರು ಪುಣೆಯವರೆಗೂ ನನ್ನ ಬುದ್ಧಿ ನೆಟ್ಟಗಿದೆಯೇ ಎಂಬ ಅನುಮಾನದಿಂದಲೇ ನನ್ನನ್ನು ನೋಡುತ್ತಿದ್ದರು.

ಸದಾಶಿವ ಪೇಠ

ಪುಣೆಯ ಕಚೇರಿಯಲ್ಲಿ ಗುಂಡೋಪಂತ ಕುಲಕರ್ಣಿ ಎಂಬ ಗುಮಾಸ್ತರಿದ್ದರು. ವಿಜಾಪುರದ ಕಡೆಯವರು. ನಮ್ಮ ಸೀಮೆಯ ಅಂಕಿಗಳನ್ನು ನಕ್ಷೆಗೆ ಏರಿಸುವವರು ಅವರೇ. ನನ್ನೂರಿನ ಮೇಲೆ ದಿನವೂ ಬಿರುಗಾಳಿ ಎಬ್ಬಿಸುತ್ತಿದ್ದ ಪುಣ್ಯಾತ್ಮರು. ಕನ್ನಡದವರು ಎಂಬ ಒಂದೇ ಕಾರಣಕ್ಕೆ ಸ್ಟೇಷನ್ನಿಗೆ ಬಂದು ನನ್ನನ್ನು ಟಾಂಗಾದಲ್ಲಿ ಕೂರಿಸಿಕೊಂಡು ಸದಾಶಿವ ಪೇಠದ ತಮ್ಮ ಬಾಡಿಗೆಮನೆಗೆ ಕರೆದೊಯ್ದರು. ದೊಡ್ಡ ವಾಡೆ, ಒಳಗೆ ಅಂಗಳ, ಸುತ್ತ ಸಾಲು ಸಾಲು ಬಿಡಾರ. ಎಲ್ಲಕ್ಕೂ ಯಜಮಾನಿ ಒಬ್ಬ ವಿಧವೆ ಅಜ್ಜಿ. ಎಲ್ಲರೂ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು.

ಕಾಕೂ ನನ್ನನ್ನು ನೋಡಲಿಲ್ಲ. ಪೆಟ್ಟಿಗೆಯನ್ನು ನೋಡಿದರು. ಅದರ ಪಟ್ಟಿ ತೊಗಲಿನದು. ತೊಗಲು ಹೊಸಿಲು ದಾಟುವಂತಿಲ್ಲ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟರು. ಪಟ್ಟಿ ಬಿಚ್ಚಿದರಾಯಿತೇ ಎಂದು ಗುಂಡೋಪಂತರು ಕೇಳಿದರು. ನಾನು ಸುಮ್ಮನಿರಬೇಕಿತ್ತು. ವಿಜ್ಞಾನದ ಮೇಷ್ಟ್ರ ಚಟ, ಒಳಗೆ ಪಾದರಸ ತುಂಬಿದ ಚೀಲವೂ ತೊಗಲಿನದೇ ಎಂದು ವಿವರಿಸಿಬಿಟ್ಟೆ. ಗುಂಡೋಪಂತರು ಅನುವಾದಿಸದಿದ್ದರೆ ಚೆನ್ನಾಗಿತ್ತು.

ಹೀಗಾಗಿ ಸರ್ಕಾರದ ಬಾರೋಮೀಟರು ಆ ದಿನ ಹಿತ್ತಲಿನ ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕದ ಗೂಟಕ್ಕೆ ನೇತಾಡಿತು. ಎಮ್ಮೆಯ ಮೈಮೇಲಿನದೂ ತೊಗಲೇ ಅಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಅದನ್ನ ಕೇಳಬ್ಯಾಡ್ರಿ ಮಾಸ್ತರ," ಎಂದರು ಗುಂಡೋಪಂತರು. "ನನಗ ಈ ವಾಡೇದಾಗ ಇನ್ನೂ ಇರೋದದ."

ಊಟ ಚೆನ್ನಾಗಿತ್ತು, ಆದರೆ ಬೇಳೆಗೆ ಬೆಲ್ಲ ಹಾಕುವ ಜನ. ನಮ್ಮಲ್ಲಿ ಪಾಯಸಕ್ಕೆ ಹಾಕುವಷ್ಟನ್ನು ಅವರು ಆಮಟಿ ಎಂಬ ತಮ್ಮ ಸಾರಿಗೆ ಸುರಿಯುತ್ತಾರೆ. ಮಾತಿಗೆ ಬೇಕಾದಾಗ ಬೆಲ್ಲ ಉಳಿದಿರುವುದಿಲ್ಲ. ಮಾರನೆಯ ಮಧ್ಯಾಹ್ನ ಅಂಗಡಿಯೊಂದರಲ್ಲಿ ಲಾಂದ್ರದ ಬತ್ತಿ ಕೇಳಲು ಹೋದೆ. ಅಂಗಡಿಯವರು ಒಳಗೆ ಮಲಗಿದ್ದರು. ಬಾಗಿಲು ತೆರೆದೇ ಇತ್ತು, ಬತ್ತಿ ಕಣ್ಣೆದುರೇ ಇತ್ತು. ಅವರು ಒಂದು ಕಣ್ಣು ತೆರೆದು, ಮಧ್ಯಾಹ್ನ ಲಾಂದ್ರ ಹಚ್ಚುವ ಊರು ಯಾವುದು ಎಂದು ಕೇಳಿ, ಆ ಕಣ್ಣನ್ನೂ ಮುಚ್ಚಿದರು. ನಾಲ್ಕು ಗಂಟೆಗೆ ಹೋದಾಗ ಅದೇ ಬತ್ತಿಯನ್ನು ಕೊಟ್ಟರು, ಬಹಳ ಗೌರವದಿಂದ.

ಕಚೇರಿ

ಹವಾಮಾನದ ಕಚೇರಿ ನಮ್ಮೂರಿನ ಕೋಟೆಗಿಂತ ದೊಡ್ಡದು. ಅದರೊಳಗೆ ಗಾಳಿ ಮಾತ್ರ ಆಡುವುದಿಲ್ಲ. ಕಾಗದ ಹಾರಿಹೋಗುತ್ತದೆ ಎಂದು ಕಿಟಕಿಗಳನ್ನೆಲ್ಲ ಮುಚ್ಚಿ, ಬೆವರುತ್ತ ಕೂತು, ದೇಶದ ಗಾಳಿಯ ಬಗ್ಗೆ ಬರೆಯುತ್ತಾರೆ. ಹೊರಡುವಾಗ ಛತ್ರಿ ಒಯ್ಯಬೇಕೇ ಎಂದು ಆ ದೊಡ್ಡ ವಿದ್ವಾಂಸರು ಗೇಟಿನ ಜವಾನನನ್ನು ಕೇಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

ನಮ್ಮ ವಿಷಯ ಸೂಪರಿಂಟೆಂಡೆಂಟ್ ಸಾಹೇಬರ ಕೈಯಲ್ಲಿತ್ತು. ಬಿಳಿಯರಲ್ಲ, ನಮ್ಮವರೇ, ಆದರೆ ಸೂಟು, ಇಂಗ್ಲಿಷು ಎರಡನ್ನೂ ಇಸ್ತ್ರಿ ಮಾಡಿಸಿಕೊಂಡವರು. ಕಚೇರಿಯ ಮೂಲ ಬಾರೋಮೀಟರಿನ ಪಕ್ಕದಲ್ಲಿ ನನ್ನದನ್ನು ನೇತುಹಾಕಿಸಿದರು. ಎರಡೂ ಹಲವು ದಿನ ಜೊತೆಯಲ್ಲಿದ್ದು, ಒಂದೇ ಹೊತ್ತಿಗೆ ಎರಡನ್ನೂ ನೋಡಿ ಹೋಲಿಸಬೇಕಂತೆ. ಹೆಣ್ಣು ನೋಡಲು ಬಂದವರೂ ಇಷ್ಟು ದಿನ ತೆಗೆದುಕೊಳ್ಳುವುದಿಲ್ಲ.

"ಯಂತ್ರ ಸರಿಯಿದ್ದರೆ ನಿಮ್ಮ ಹವಾಮಾನ ಠಾಣೆಯನ್ನು ಬೇರೆಯವರಿಗೆ ವಹಿಸಬೇಕೆಂದು ಬರೆಯುತ್ತೇನೆ," ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. "ಬೇಸರ ಮಾಡಿಕೊಳ್ಳಬೇಡಿ. ಹಿಂದುಳಿದ ಪ್ರದೇಶಗಳಲ್ಲಿ ಇದು ಸಾಮಾನ್ಯ. ಯಂತ್ರಗಳನ್ನು ನಂಬಬಹುದು, ಜನರನ್ನು ನಂಬಲಾಗುವುದಿಲ್ಲ."

ನನಗೆ ಮೈ ಉರಿಯಿತು. ಚಳಿಯಿರಲಿ, ಜ್ವರವಿರಲಿ, ಬೆಳಿಗ್ಗೆ ಗುಡ್ಡ ಹತ್ತಿ ಆ ಪಾದರಸದ ಮುಂದೆ ನಿಲ್ಲದ ದಿನವಿಲ್ಲ. ಮಗಳ ಮದುವೆಯ ದಿನ ಧಾರೆಯ ಹೊತ್ತಿಗೆ ಓಡಿಹೋಗಿ ನೋಡಿ ಬಂದು, ಬೀಗರ ಎದುರು ಮಾನ ಕಳೆದುಕೊಂಡವನು ನಾನು. ಅದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಬಂದದ್ದು "ಎಸ್ ಸರ್" ಮಾತ್ರ. ನಮ್ಮ ಇಂಗ್ಲಿಷಿನಲ್ಲಿ ಸಿಟ್ಟು ಮಾಡುವುದನ್ನು ಯಾರೂ ಕಲಿಸಿರಲಿಲ್ಲ.

ಲೋಣಾವಳಾ

ಪರೀಕ್ಷೆ ಮುಗಿಯುವವರೆಗೆ ನನಗೆ ಕೆಲಸವಿರಲಿಲ್ಲ. ಗುಂಡೋಪಂತರಿಗೆ ಲೋಣಾವಳಾದ ಮಳೆಮಾಪಕವನ್ನು ನೋಡಿಬರುವ ಹೊಣೆ ಬಿದ್ದಿತ್ತು.

"ಬರ್ರಿ ಮಾಸ್ತರ, ಹೋಗಿ ಬರೋಣು. ಚಿಂತಿ ಮಾಡಕೋತ ಕೂತ್ರ ಪಾದರಸ ಏರೂದಿಲ್ಲ, ಇಳಿಯೂದಿಲ್ಲ," ಎಂದು ನನ್ನನ್ನೂ ಎಳೆದುಕೊಂಡು ಹೊರಟರು.

ಹೊಗೆಯಿಲ್ಲದ, ಕರೆಂಟಿನ ರೈಲು. ನಮ್ಮ ರೈಲಿನಲ್ಲಿ ಇಳಿಯುವಾಗ ಮುಖಕ್ಕೆ ಮಸಿ ಮೆತ್ತಿರದಿದ್ದರೆ ಪ್ರಯಾಣ ಮಾಡಿದಂತೆಯೇ ಅನ್ನಿಸುವುದಿಲ್ಲ; ಇದರಲ್ಲಿ ಹತ್ತಿದ ಮುಖದಲ್ಲೇ ಇಳಿದೆ. ಲೋಣಾವಳಾದ ಮಳೆಯನ್ನು ಮಾತ್ರ ಹೇಗೆ ಹೇಳಲಿ? ನಮ್ಮೂರಿನಲ್ಲಿ ವರ್ಷವೆಲ್ಲ ಬೇಡಿಕೊಂಡರೂ ಬೀಳದಷ್ಟು ಮಳೆ ಅಲ್ಲಿ ನಾವು ಛತ್ರಿ ಬಿಚ್ಚುವಷ್ಟರಲ್ಲಿ ಬಿತ್ತು. ಛತ್ರಿ ಮೇಲ್ಮುಖವಾಗಿ ಮಗುಚಿ, ಅದೇ ಒಂದು ಮಳೆಮಾಪಕವಾಯಿತು.

ಮಾಪಕ ಇದ್ದದ್ದು ಒಬ್ಬ ಶ್ರೀಮಂತರ ಬಂಗಲೆಯ ಅಂಗಳದಲ್ಲಿ. ಇದ್ದದ್ದು ಎಂದೆ, ನಾವು ಹೋದಾಗ ಅಲ್ಲಿರಲಿಲ್ಲ. ಅದನ್ನು ನೂರಾರು ವರ್ಷ ಬಾಳುವಂತೆ ನೋಡಿಕೊಳ್ಳುತ್ತೇನೆಂದು ಪಣ ತೊಟ್ಟಂತಿದ್ದ ವಯಸ್ಸಾದ ಕಾವಲುಗಾರರು ನಮ್ಮನ್ನು ವರಾಂಡಕ್ಕೆ ಕರೆದೊಯ್ದರು. ಒಣ ಗೋಡೆಯ ಪಕ್ಕ, ಗೋಣಿತಾಟು ಹೊದ್ದುಕೊಂಡು, ಮಳೆಮಾಪಕ ಬೆಚ್ಚಗೆ ಕೂತಿತ್ತು.

ಅವರು ಮರಾಠಿಯಲ್ಲಿ ಹೇಳಿದ್ದನ್ನು ಗುಂಡೋಪಂತರು ಕನ್ನಡಕ್ಕೆ ತಂದರು. "ಮಳಿ ಜೋರಾದ್ರ ಒಳಗ ತಂದಿಡ್ತಾರಂತ್ರಿ. ಸರಕಾರಿ ಸಾಮಾನು, ತೊಯ್ದು ಹಾಳಾದ್ರ ಯಾರು ಜವಾಬ್ದಾರಿ ಅಂತ ಕೇಳ್ತಾರ."

"ಮತ್ತೆ ಅಳತೆ?"

"ಸಣ್ಣ ಮಳಿ ಇದ್ದಾಗ ಹೊರಗ ಇಡ್ತಾರಂತ."

ನಾನು ನಕ್ಕು ನಕ್ಕು ಸುಸ್ತಾದೆ. ಗುಂಡೋಪಂತರು ನಗಲಿಲ್ಲ. ಈ ಠಾಣೆ ಕಚೇರಿಯಲ್ಲಿ ಬಹಳ ಹೆಸರು ಮಾಡಿದ್ದಂತೆ. ಅಂಕಿಗಳು ಎಂದೂ ಹದ್ದು ಮೀರುವುದಿಲ್ಲ, ಯಾರನ್ನೂ ಗಾಬರಿಗೊಳಿಸುವುದಿಲ್ಲ, ಆದ್ದರಿಂದ ಅದನ್ನು ನಂಬಿಕೆಯ ಠಾಣೆಗಳ ಸಾಲಿಗೆ ಸೇರಿಸಿದ್ದಾರಂತೆ.

ಮರಳುವಾಗ ಪ್ಲಾಟ್‌ಫಾರಮ್ಮಿನಲ್ಲಿ ರೈಲಿಗಾಗಿ ಕಾಯುತ್ತ, ಚಿಕ್ಕಿ ಅಗಿಯುತ್ತ ನಿಂತಿದ್ದೆವು. ಊರಿನ ಹೆಸರು ಬರೆದ ಹಲಗೆಯ ಕೆಳಗೆ, ಆ ಜಾಗ ಸಮುದ್ರಕ್ಕಿಂತ ಎಷ್ಟು ಅಡಿ ಎತ್ತರವೆಂದು ಬರೆದಿತ್ತು. ಎಲ್ಲ ಸ್ಟೇಷನ್ನುಗಳಲ್ಲೂ ಬರೆದಿರುತ್ತದೆ, ಯಾರೂ ಓದುವುದಿಲ್ಲ. ನಾನು ಓದಿದೆ. ಮೇಷ್ಟ್ರಲ್ಲವೇ.

"ಅದು ನಮಗ ಭಾಳ ಉಪಯೋಗದ್ದು ನೋಡ್ರಿ," ಎಂದರು ಗುಂಡೋಪಂತರು. "ಒಳನಾಡಿನ ಠಾಣೆಗಳ ಎತ್ತರ ಎಲ್ಲಾ ಈ ಹಲಗೀ ಮ್ಯಾಲಿಂದನ ತಗೊಂಡದ್ದು. ಹಿಂದಿನ ದೊಡ್ಡ ಸಾಹೇಬ್ರು ಡಬ್ಬಿಯಿಂದ ಇಳೀತಿದ್ರು, ಹಲಗಿ ಓದಿ ಬರಕೋತಿದ್ರು, ಚಹಾ ಕುಡದು ಮುಂದಿನ ಊರಿಗೆ ಹೋಗತಿದ್ರು."

"ನಮ್ಮೂರಿನದೂ ಹಾಗೆಯೇ?"

"ನಿಮ್ಮೂರಿಂದ ಏನು ವಿಶೇಷ ಅದರಿ?"

ಚಿಕ್ಕಿ ನನ್ನ ಬಾಯಲ್ಲೇ ಉಳಿಯಿತು. ಎತ್ತರಕ್ಕೆ ಹೋದಷ್ಟೂ ಗಾಳಿಯ ಭಾರ ಕಡಿಮೆ. ಅದಕ್ಕೇ ಯಂತ್ರ ಯಾವ ಎತ್ತರದಲ್ಲಿದೆ ಎಂದು ಲೆಕ್ಕಕ್ಕೆ ಹಿಡಿದು, ಎಲ್ಲ ಊರುಗಳ ಅಂಕಿಯನ್ನೂ ಸಮುದ್ರಮಟ್ಟಕ್ಕೆ ತಂದು ಹೋಲಿಸುತ್ತಾರೆ. ನಮ್ಮ ರೈಲ್ವೆ ಸ್ಟೇಷನ್ನು ಕೆರೆಯ ಪಕ್ಕದ ತಗ್ಗಿನಲ್ಲಿದೆ. ಶಾಲೆ ಗುಡ್ಡದ ಮೇಲಿದೆ. ಆ ಹಿಂದಿನ ಸಾಹೇಬರು ಚಹಾ ಕುಡಿದು ಗುಡ್ಡ ಹತ್ತದೆ ಹೋಗಿದ್ದರು. ಗುಡ್ಡದ ಮೇಲಿನ ಬಾರೋಮೀಟರು ತಗ್ಗಿನಲ್ಲಿದೆ ಎಂದುಕೊಂಡು ಲೆಕ್ಕ ಹಾಕಿದರೆ ಅಂಕಿ ಕಡಿಮೆ ಬರದೆ ಇನ್ನೇನು? ಯಂತ್ರವೂ ಸರಿ, ನಾನೂ ಸರಿ. ನನಗೆ ಆ ಮಳೆಯಲ್ಲೇ ಕುಣಿಯಬೇಕೆನ್ನಿಸಿತು. ಗುಂಡೋಪಂತರಿಗೆ ವಿವರಿಸಿದೆ. ಅವರು "ಸಾಹೇಬ್ರ ತಪ್ಪು ಅಂತೀರೇನ್ರಿ?" ಎಂದು ಕೇಳಿದರು, ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡುತ್ತ.

ಮತ್ತೆ ಕಚೇರಿ

ಪರೀಕ್ಷೆ ಮುಗಿದಿತ್ತು. ನನ್ನ ಬಾರೋಮೀಟರು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅರಿವೆ ವ್ಯಾಪಾರಿಯ ಉಪಕಾರವಾಗಲಿ, ಎಮ್ಮೆಯ ಸಹವಾಸವಾಗಲಿ ಅದನ್ನು ಕೆಡಿಸಿರಲಿಲ್ಲ. ಸೂಪರಿಂಟೆಂಡೆಂಟ್ ಸಾಹೇಬರು ನನ್ನನ್ನು ಆಪಾದಿತನನ್ನು ನೋಡುವಂತೆ ನೋಡಿದರು. ಆದರೆ ನನಗೆ ಈಗ ಭಯವಿರಲಿಲ್ಲ. ಹಲಗೆಯ ವಿಷಯ, ತಗ್ಗಿನ ವಿಷಯ, ಗುಡ್ಡದ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ಬುದ್ಧಿವಂತರು. ಕಾಗದದ ಅಂಚಿನಲ್ಲಿ ಒಂದು ಲೆಕ್ಕ ಹಾಕಿದರು. ನನ್ನ ಮಾತು ಸರಿಯೆಂದು ಅವರ ಮುಖದಲ್ಲೇ ಕಂಡಿತು. ಆಮೇಲೆ ಆ ಲೆಕ್ಕವನ್ನು ನಿಧಾನವಾಗಿ ಹೊಡೆದು ಹಾಕಿದರು.

"ಆ ಎತ್ತರವನ್ನು ಗೊತ್ತುಮಾಡಿದವರು ಈ ಇಲಾಖೆಯನ್ನು ಕಟ್ಟಿದವರಲ್ಲಿ ಒಬ್ಬರು. ಅವರ ಚಿತ್ರ ಮೆಟ್ಟಿಲ ಹತ್ತಿರ ಇದೆ, ನೀವು ನೋಡಿರಬೇಕು. ಆ ಅಂಕಿಯ ಮೇಲೆ ಇಷ್ಟು ವರ್ಷದ ಸಂಪುಟಗಳು ಅಚ್ಚಾಗಿವೆ. ಲಂಡನ್ನಿಗೂ ಹೋಗಿವೆ. ನಿಮ್ಮೂರಿನದೊಂದು ತಪ್ಪೆಂದರೆ ಎಲ್ಲ ಊರಿನದನ್ನೂ ಅಳೆಯಬೇಕು."

"ಅಳೆಯಬಹುದಲ್ಲ ಸರ್."

ಅವರು ನನ್ನನ್ನು ಕನಿಕರದಿಂದ ನೋಡಿದರು. ಗುಂಡೋಪಂತರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಕಿಟಕಿ ಮುಚ್ಚಿತ್ತು.

"ಒಂದು ದಾರಿ ಇದೆ," ಎಂದರು ಸಾಹೇಬರು. "ನಿಮ್ಮ ಬಾರೋಮೀಟರು ಸ್ವಲ್ಪ ಕಡಿಮೆ ತೋರಿಸುತ್ತದೆ ಎಂದು ಪ್ರಮಾಣಪತ್ರ ಕೊಡುತ್ತೇನೆ. ಎಷ್ಟು ಕಡಿಮೆಯೋ ಅಷ್ಟನ್ನು ದಿನವೂ ಕೂಡಿಸಿ ಬರೆಯಿರಿ. ನಕ್ಷೆ ಸರಿಹೋಗುತ್ತದೆ. ನಿಮ್ಮ ಹೆಸರೂ ಉಳಿಯುತ್ತದೆ."

"ಆದರೆ ಯಂತ್ರ ಸರಿಯಾಗಿದೆಯಲ್ಲ ಸರ್."

"ನೀವು ಸರಿಯಿರಬೇಕೋ, ಯಂತ್ರ ಸರಿಯಿರಬೇಕೋ? ಎರಡೂ ಸರಿಯಿರಲು ಇಲ್ಲಿ ಜಾಗವಿಲ್ಲ."

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ಆಗಲ್ಲ ಎನ್ನಬೇಕೆಂದು ಎದ್ದು ನಿಂತೆ. ಎದ್ದು ನಿಂತಾಗ ಹೆಡ್‌ಮಾಸ್ಟರರ ಅಳಿಯ ಕಣ್ಣೆದುರು ಬಂದ, ಬೀಗದಕೈ ತಿರುಗಿಸುತ್ತ. ಆ ಅಳಿಯ ಬೆಳಿಗ್ಗೆ ಹತ್ತಕ್ಕೆ ಮುಂಚೆ ಏಳುವವನಲ್ಲ. ಅವನ ಕೈಗೆ ಹೋದರೆ ಬಾರೋಮೀಟರನ್ನು ಮತ್ತೆ ಯಾರೂ ನೋಡುವುದೇ ಇಲ್ಲ. ಹೀಗೆ ನನಗೆ ನಾನೇ ಒಂದು ನೆಪ ಹುಡುಕಿಕೊಟ್ಟು, ಕೈ ಚಾಚಿ ಅವರು ಬರೆದುಕೊಟ್ಟ ಪ್ರಮಾಣಪತ್ರ ತೆಗೆದುಕೊಂಡೆ. ಬಂದದ್ದು ಮತ್ತೆ "ಎಸ್ ಸರ್" ಎಂಬುದೇ.

ಗುಂಡೋಪಂತರು ಸ್ಟೇಷನ್ನಿನವರೆಗೂ ಬಂದರು. ದಾರಿಯಲ್ಲಿ ಒಬ್ಬ ಉಡುಪಿಯವರ ಹೋಟೆಲಿಗೆ ಕರೆದೊಯ್ದು, ಆ ಪರದೇಶದಲ್ಲಿ ನನಗೆ ಮೊದಲ ಬಾರಿಗೆ ಒಳ್ಳೆಯ ಕಾಫಿ ಕುಡಿಸಿದರು. ರೈಲು ಹೊರಡುವಾಗ ಕಿಟಕಿಯ ಸರಳು ಹಿಡಿದು ಹೇಳಿದರು: "ಮಾಸ್ತರ, ನಾಳಿಂದ ನಿಮ್ಮೂರ ಮ್ಯಾಲೆ ಬಿರುಗಾಳಿ ಬರೆಯೂದಿಲ್ಲರಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಮನಿಮಂದಿ ನೋಡ್ರಿ." ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ.

ಊರು

ಊರಿನಲ್ಲಿ ನನಗೆ ಸನ್ಮಾನವಾಯಿತು. ಯಂತ್ರದ ದೋಷ ಪತ್ತೆಯಾಗಿ, ಮೇಷ್ಟ್ರು ನಿರ್ದೋಷಿಯೆಂದು ಪುಣೆಯ ಸರ್ಕಾರವೇ ಒಪ್ಪಿದೆ ಎಂದು ಹೆಡ್‌ಮಾಸ್ಟರರು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳಿದರು. ಮೇಷ್ಟ್ರ ಮೇಲೆ ಅನುಮಾನಪಟ್ಟವರೇ ಮುಂದೆ ಬಂದು ಹಾರ ಹಾಕಿದರು. ಅಳಿಯ ಮಾತ್ರ ಎದ್ದಿರಲಿಲ್ಲ.

ಈಗಲೂ ಬೆಳಿಗ್ಗೆ ಗುಡ್ಡ ಹತ್ತುತ್ತೇನೆ. ಪಾದರಸ ತಾನಿರುವಲ್ಲಿ ನೆಟ್ಟಗೆ ನಿಂತಿರುತ್ತದೆ. ಇಷ್ಟು ವರ್ಷ ನಿಂತಂತೆಯೇ. ಅದು ತೋರಿಸಿದ್ದನ್ನು ಓದುತ್ತೇನೆ, ಪುಣೆಯವರು ಹೇಳಿದಷ್ಟನ್ನು ಕೂಡಿಸುತ್ತೇನೆ, ತಂತಿ ಕಳುಹಿಸುತ್ತೇನೆ. ಜ್ವರದಲ್ಲೂ, ಮದುವೆಯ ದಿನದಲ್ಲೂ ಒಂದು ಸುಳ್ಳಂಕಿ ಬರೆಯದವನು ಈಗ ದಿನಕ್ಕೊಂದು ಬರೆಯುತ್ತೇನೆ. ಮೊದಮೊದಲು ಕೂಡಿಸುವ ಮುಂಚೆ ಬಾಗಿಲು ಹಾಕಿಕೊಳ್ಳುತ್ತಿದ್ದೆ, ಈಗ ಇಲ್ಲ.

ಹೋದ ತಿಂಗಳು ಪುಣೆಯಿಂದ ಇನ್ನೊಂದು ಕಾಗದ ಬಂತು. ನಮ್ಮ ಠಾಣೆಯನ್ನು ನಂಬಿಕೆಯ ಠಾಣೆಗಳ ಸಾಲಿಗೆ ಸೇರಿಸಿದ್ದಾರಂತೆ. ಹೆಡ್‌ಮಾಸ್ಟರರು ಅದಕ್ಕೆ ಕಟ್ಟು ಹಾಕಿಸಿ, ಬಾರೋಮೀಟರಿನ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿದ್ದಾರೆ.